ಗೋಸುಂಬೆಗೆ ಲಿಂಗಸುಗೂರಿನ ಟಿಕೀಟು

೬ ನವೆಂಬರ್ ೧೯೬೬, ಭಾನುವಾರ. ಸಿಂಧನೂರು
(ಮೊದಲ ಪುಟ ಖಾಲಿ ಬಿಟ್ಟಿದ್ದೆ. ಎಲ್ಲ ಮುಗಿದ ಮೇಲೆ ತುಂಬಿದ್ದು.)

ಒಂದು ಗೋಸುಂಬೆಗೆ ಜಡ್ಡು ಹೌದೋ ಅಲ್ಲವೋ, ಡಾಕ್ಟರಿಗೆ ತೋರಿಸಬೇಕೋ ಬೇಡವೋ ಎಂದು ತೀರ್ಮಾನ ಮಾಡಲು ಈ ಮನೆಗೆ ಬಿದ್ದ ಖರ್ಚು:

ಬಸ್ ಚಾರ್ಜು, ಎರಡು ಆಳು, ಹೋಗಿ ಬರಲು, ಆರು ರೂಪಾಯಿ ನಲವತ್ತು ಪೈಸೆ. ಗೋಸುಂಬೆಯ ಲಗೇಜು ಎಂಬತ್ತು ಪೈಸೆ. ಬಿದಿರು ಬುಟ್ಟಿ ಒಂದೂಕಾಲು ರೂಪಾಯಿ. ಚಹಾ, ಮಿರ್ಚಿ ತೊಂಬತ್ತೈದು ಪೈಸೆ. ಒಂದು ದಿನ ಅಂಗಡಿ ಬಂದ್, ಕಡಿಮೆ ಹಿಡಿದರೂ ಒಂಬತ್ತು ರೂಪಾಯಿ. ಶಾಹಾಬಾದ್ ಕಲ್ಲು ಒಂದು, ಎರಡೂವರೆ. ಡಾಕ್ಟರ ಫೀಜು ಇಲ್ಲ, ಕೊಡಹೋದೆ, ಮುಟ್ಟಲಿಲ್ಲ. ಅದೂ ಒಂದು ಸಿಟ್ಟು.

ಒಟ್ಟು ಇಪ್ಪತ್ತು ರೂಪಾಯಿ ತೊಂಬತ್ತು ಪೈಸೆ. ಈ ದುಡ್ಡಿಗೆ ಒಂದು ಆಡಿನ ಮರಿ ಬರುತ್ತಿತ್ತು. ಆಡು ಹಾಲಾದರೂ ಕೊಡುತ್ತದೆ.

೨೫ ಸೆಪ್ಟೆಂಬರ್, ಭಾನುವಾರ

ಅಪ್ಪ ಮಧ್ಯಾಹ್ನ ಹೆಗಲ ಕಂಬಳಿಯ ಮೇಲೆ ಗೋಸುಂಬೆ ಕೂರಿಸಿಕೊಂಡು ಮನೆಗೆ ಬಂದ.

ಸಾಲಗುಂದದ ದಾರಿಯಲ್ಲಿ, ಕಾಲುವೆ ನೀರಿಗೆಂದು ಹೊರಗಿನಿಂದ ಬಂದು ನೆಲೆಸಿದ ಕ್ಯಾಂಪಿನವರು ಗದ್ದೆ ಮಾಡಲು ಜಾಲಿಗಿಡ ಕೆಡವುತ್ತಿದ್ದಾರೆ. ಒಂದು ಕಾಲಕ್ಕೆ ನಮ್ಮ ಕುರಿ ಮೇಯುತ್ತಿದ್ದ ಜಾಗ ಅದು. ಕಾಲುವೆ ನೀರು ಬಂತು, ಮೇವಿನ ನೆಲವೆಲ್ಲ ಭತ್ತವಾಯಿತು. ಎರಡು ವರ್ಷದ ಕೆಳಗೆ ಅಪ್ಪ ಅರವತ್ತು ಕುರಿ ಮಾರಿ ನನ್ನ ಮನೆಗೆ ಬಂದು ಕುಳಿತ. ಕುಳಿತ ಅಂದರೆ ಕುಳಿತೇಬಿಟ್ಟ. ದಿನಾ ಆ ಕಡೆ ನಡೆದು ಹೋಗಿ ನೋಡಿ ಬರುವುದೊಂದೇ ಉದ್ಯೋಗ. ಏನು ನೋಡುತ್ತಾನೆಂದು ಕೇಳಿದರೆ ‘ನೀರು’ ಅನ್ನುತ್ತಾನೆ. ಇವತ್ತು ಕೆಡವಿದ ಗಿಡದಲ್ಲಿ ಇದು ಸಿಕ್ಕಿತಂತೆ. ಆಳುಗಳು ವಿಷ, ವಿಷ ಎಂದು ಕಲ್ಲು ಎತ್ತಿಕೊಂಡಿದ್ದರಂತೆ.

ಹೊನ್ನೂರಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಂತಳು. ನನ್ನ ಹೆಂಡತಿ ಮಾವನೆದುರು ದನಿ ಎತ್ತುವವಳಲ್ಲ, ಇವತ್ತು ಎತ್ತಿದಳು.

“ಮಾವಾ, ಅದು ಊದಿದ್ರ ಮೈಯೆಲ್ಲ ಬೊಬ್ಬಿ ಏಳ್ತಾವಂತ!”

“ಅದ್ಯಾಕ ಊದತೈತಿ ತಾಯಿ, ಅದಕ್ಕೇನು ಒಲಿ ಹಚ್ಚೋದೈತೇನು?” ಎಂದ ಅಪ್ಪ. ಎರಡು ವರ್ಷದಲ್ಲಿ ಈ ಮನೆಯಲ್ಲಿ ಅಪ್ಪ ಮಾಡಿದ ಮೊದಲ ತಮಾಷೆ. ನನಗೆ ನಗು ಬರಲಿಲ್ಲ. ಹೊಸದಾಗಿ ಶಾಹಾಬಾದ್ ಕಲ್ಲು ಹಾಕಿಸಿದ ಅಂಗಳ ನನ್ನದು. ಹದಿನಾಲ್ಕು ವರ್ಷದವನಿದ್ದಾಗ ಕುರಿ ಕಾಯುವುದನ್ನು ಬಿಟ್ಟು ಓಡಿಬಂದು, ಪಂಕ್ಚರ್ ಹಾಕುತ್ತ, ಗಿರಾಕಿಗಳ ಹೆಸರು ಬರೆಯುತ್ತಲೇ ಅಕ್ಷರ ಕಲಿತು, ಹದಿನಾಲ್ಕು ಬಾಡಿಗೆ ಸೈಕಲ್ಲಿನ ಅಂಗಡಿ ಮಾಡಿದವನ ಅಂಗಳ. ಅದರ ಮೇಲೆ ಒಂದು ಜಾಲಿಯ ಕೊಂಬೆ, ಕೊಂಬೆಯ ಮೇಲೆ ಒಂದು ಪ್ರಾಣಿ. ಕೈ ನೋಡಿದರೆ ನನ್ನ ಇಕ್ಕಳ. ನಡಿಗೆ ನೋಡಿದರೆ ಮೊದಲ ದಿನ ಸೈಕಲ್ ಹತ್ತಿದ ತಲಾಟಿ.

ಎರಡು ದಿನ ಅಂದಿದ್ದೇನೆ. ಮೂರನೇ ದಿನ ಅದು ಹೊರಗೆ.

೨೯ ಸೆಪ್ಟೆಂಬರ್, ಗುರುವಾರ

ಐದನೇ ದಿನ. ಒಳಗೇ ಇದೆ.

ಹಗಲು ಅಪ್ಪ ಕೊಂಬೆಯ ಸಮೇತ ಅಂಗಡಿಗೆ ತರುತ್ತಾನೆ. ಎದುರಿನ ಚಹಾದಂಗಡಿಯ ಗೌಸ್‌ಸಾಬನಿಗೆ ಇಷ್ಟೇ ಸಾಕಾಯಿತು. ಒಂದು ಕಣ್ಣು ಹಿಂದೆ, ಒಂದು ಕಣ್ಣು ಮುಂದೆ ತಿರುಗಿಸುವುದನ್ನು ನೋಡಿದವನೇ ಬೀದಿಗೆಲ್ಲ ಕೇಳುವಂತೆ ಕೂಗಿದ:

“ಆದೆಪ್ಪಣ್ಣ ಹೊಸಾ ಮುನೀಮನ್ನ ಇಟ್ಕೊಂಡಾನ ಬರ್ರೆಪ್ಪೋ! ಒಂದು ಕಣ್ಣು ಗಿರಾಕಿ ಮ್ಯಾಲ, ಒಂದು ಕಣ್ಣು ಗಲ್ಲಾ ಮ್ಯಾಲ!”

“ನಿನ್ನ ಅಂಗಡ್ಯಾಗ ಇಡ್ಲೇನು? ನೊಣ ಹಿಡಿಯೋ ಕೆಲಸ ಬೇಕಾದಷ್ಟೈತಿ.”

“ಪಗಾರ ನೀ ಕೊಟ್ರ ಇಡು.”

ಅಂದಿನಿಂದ ಅದಕ್ಕೆ ಮುನೀಮ ಎಂದೇ ಹೆಸರು. ಮುನೀಮ ಎದ್ದಾನೇನು, ಮುನೀಮ ಉಂಡಾನೇನು ಎಂದು ಊರೆಲ್ಲ ಕೇಳುತ್ತದೆ. ನೋಡಲು ಇವತ್ತು ನಲವತ್ತು ಜನ ಬಂದರು. ಸೈಕಲ್ ತೆಗೆದುಕೊಂಡು ಹೋದವರು ಮೂವರು. ನಾಲಿಗೆಯ ವಿಷಯ ಮಾತ್ರ ಒಪ್ಪಬೇಕು. ಒಂದು ಮೊಳ ದೂರದ ನೊಣ, ನೋಡುವಷ್ಟರಲ್ಲಿ ಇಲ್ಲ. ಬಾಕಿ ವಸೂಲಿಗೆ ನನಗೆ ಅಂಥದೊಂದು ಇದ್ದಿದ್ದರೆ.

೪ ಅಕ್ಟೋಬರ್, ಮಂಗಳವಾರ

ಮುನೀಮ ಮೂರು ದಿನದಿಂದ ತಿಂದಿಲ್ಲ. ಹಸಿರು ಹೋಗಿ ಸುಟ್ಟ ರೊಟ್ಟಿಯ ಬಣ್ಣವಾಗಿದೆ. ಕೊಂಬೆಯ ಮೇಲೆ ನಿಲ್ಲುವುದಿಲ್ಲ. ಅಂಗಳಕ್ಕೆ ಇಳಿಯುತ್ತದೆ, ಕಲ್ಲಿನ ಮೇಲೆ ಕೈ ಗೀರುತ್ತದೆ, ಸುಸ್ತಾಗಿ ಹೊಟ್ಟೆ ಚೆಲ್ಲಿ ಮಲಗುತ್ತದೆ. ಮತ್ತೆ ಗೀರುತ್ತದೆ.

ಸಂಜೆ ಊಟಕ್ಕೆ ಕುಳಿತಾಗ ಅಪ್ಪ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡ.

“ಆದೆಪ್ಪ, ಇವನ್ನ ಡಾಕ್ಟರಿಗೆ ತೋರಸಬೇಕು.”

ಡಾಕ್ಟರಂತೆ! ಐವತ್ತು ವರ್ಷ ಕುರಿ ಕಾದವನು, ಒಂದು ಕುರಿಗೂ ಡಾಕ್ಟರ ನೆರಳು ಬೀಳಗೊಡಲಿಲ್ಲ. ಎಲ್ಲದಕ್ಕೂ ಒಂದೇ ಔಷಧ: ಕುಡಗೋಲು ಕಾಸಿ ಬರೆ ಹಾಕುವುದು. ಕುರಿ ಕುಂಟಿತೋ, ಬರೆ. ಹೊಟ್ಟೆ ಉಬ್ಬಿತೋ, ಬರೆ.

ಮಗನಿಗೂ ಅದೇ. ನನಗೆ ಆರು ವರ್ಷವಿದ್ದಾಗ ಜ್ವರ ಬಂದು ಹೊಟ್ಟೆ ತಮಟೆಯಾಗಿತ್ತಂತೆ. ಹೊಕ್ಕಳ ಬಲಕ್ಕೆ ಎರಡು ಗೆರೆ, ಒಂದೊಂದು ಬೆರಳುದ್ದ. ಮೂವತ್ತೆರಡು ವರ್ಷವಾಯಿತು, ಇವತ್ತಿಗೂ ಬಾವಿಯ ಮೇಲೆ ಜನರೆದುರು ಅಂಗಿ ತೆಗೆದು ಸ್ನಾನ ಮಾಡುವವನಲ್ಲ ನಾನು.

“ನನಗ ಕುಡಗೋಲು, ಇದಕ್ಕ ಡಾಕ್ಟ್ರಾ?” ಎಂದೆ.

ಅಪ್ಪ ಮುರಿದ ರೊಟ್ಟಿಯನ್ನು ತಟ್ಟೆಗಿಟ್ಟು ಎದ್ದ. ಹೊನ್ನೂರಮ್ಮ ನನ್ನನ್ನು ನೋಡಿದ ನೋಟ ಬರೆಯುವುದಿಲ್ಲ.

೬ ಅಕ್ಟೋಬರ್, ಗುರುವಾರ

ಅಪ್ಪನ ಹಳೆಯ ಗೆಳೆಯ, ಕುರಿ ದಲ್ಲಾಳಿ ಬುಡ್ಡೇಸಾಬ್ ಬಂದಿದ್ದ. ಬಗ್ಗಿ ನೋಡಿದ, ಹೊಟ್ಟೆ ಉಬ್ಬರ ಎಂದು ತೀರ್ಪು ಕೊಟ್ಟ.

“ಯೋಚನಿ ಏನು ಮಾಡ್ತಿ ಗ್ಯಾನಪ್ಪ? ಒಂದು ಸಣ್ಣ ಬರೆ ಎಳದುಬಿಡು. ನಿನ್ನ ಕೈಗುಣ ನಾ ನೋಡಿಲ್ಲೇನು?”

ಸರಿ, ನನ್ನ ಪಾಲಿಗೆ ಖರ್ಚಿಲ್ಲದ ಮಾತು. ಅಪ್ಪ ಒಲೆಯ ಮುಂದೆ ಕುಳಿತು ಕುಡಗೋಲಿನ ತುದಿ ಕಾಸಿದ. ಕೆಂಪಾಯಿತು. ಎಡಗೈಯಲ್ಲಿ ಮುನೀಮನನ್ನು ಹಿಡಿದ. ಅದರ ಒಂದು ಕಣ್ಣು ಕುಡಗೋಲಿನ ಮೇಲೆ, ಒಂದು ಕಣ್ಣು ಅಪ್ಪನ ಮೇಲೆ. ಅಪ್ಪನ ಬಲಗೈ ಗಾಳಿಯಲ್ಲೇ ನಿಂತಿತು. ನಡುಗತೊಡಗಿತು. ಕೆಂಪು ಕಪ್ಪಾಯಿತು. ಮತ್ತೆ ಕಾಸಿದ. ಮತ್ತೆ ಕಪ್ಪಾಯಿತು. ಆಮೇಲೆ ಕುಡಗೋಲನ್ನು ನೀರಿನ ಬಕೆಟ್ಟಿಗೆ ಹಾಕಿದ, ಚುಂಯ್ ಎಂದಿತು.

“ಕಣ್ಣು ಮಂಜಾಗ್ಯಾವು,” ಎಂದ.

ಇರಬಹುದು, ಎಪ್ಪತ್ತರ ಹತ್ತಿರ. ಆದರೆ ನಿನ್ನೆಯೇ ಗೌಸ್‌ಸಾಬನ ಅಂಗಡಿಯ ಗೋಡೆಯ ಮೇಲಿನ ಮಿಡತೆಯನ್ನು ನನ್ನ ಅಂಗಡಿಯಿಂದ ತೋರಿಸಿದ್ದ.

೭ ಅಕ್ಟೋಬರ್

ಕಾಲುವೆ ದಂಡೆಯಲ್ಲಿ ಮಿಡತೆ ಹಿಡಿದೆ. ನಾಲ್ಕು. ಧೋತರ ಮೊಣಕಾಲಲ್ಲಿ ಹರಿಯಿತು. ಮುನೀಮ ಒಂದನ್ನೂ ಮೂಸಲಿಲ್ಲ. ಹಿಡಿಯಲು ನನಗೆ ಯಾರೂ ಹೇಳಿರಲಿಲ್ಲ. ಆ ಕಡೆ ಒಬ್ಬನ ಹತ್ತಿರ ಸೈಕಲ್ ವಾಪಸು ತರುವುದಿತ್ತು, ಅಷ್ಟೆ.

೯ ಅಕ್ಟೋಬರ್, ಭಾನುವಾರ

ಇವತ್ತು ಲೆಕ್ಕ ಹಾಕಿ ತೋರಿಸಿದೆ. ಬಸ್ಸಿಗೆ ಇಷ್ಟು, ಅಂಗಡಿ ಬಂದ್ ಮಾಡಿದರೆ ಇಷ್ಟು, ಮುನೀಮನ ಬೆಲೆ ಇಷ್ಟು: ಸೊನ್ನೆ. ಹೊನ್ನೂರಮ್ಮ ಕೊನೆಯವರೆಗೂ ಕೇಳಿದಳು.

“ಇದರಾಗ ಮಾವನ್ನ ಎಲ್ಲಿ ಹಿಡದೀರಿ?”

“ಅಪ್ಪಗೇನಾಗೈತಿ?”

“ಎರಡು ದಿನದಿಂದ ಬರೇ ಮಜ್ಜಿಗಿ ಮ್ಯಾಲ ಅದಾರ. ನಾಳೆ ದನದ ಡಾಕ್ಟ್ರು ಮಸ್ಕ್ಯಾಗ ಇರ್ತಾರಂತ, ಬುಡ್ಡೇಸಾಬಣ್ಣ ಹೇಳ್ಯಾನ. ನೀವು ಕರ್ಕೊಂಡು ಹೋಗ್ತೀರೋ, ನಾ ಹೋಗ್ಲ್ಯೋ?”

ನನ್ನ ಮನೆಯಲ್ಲಿ ನನ್ನನ್ನು ಕೇಳುವವರಿಲ್ಲ. ಬುಟ್ಟಿ ತಂದೆ. ಒಂದೂವರೆ ಹೇಳಿದ, ಒಂದೂಕಾಲಿಗೆ ಇಳಿಸಿದೆ.

೧೦ ಅಕ್ಟೋಬರ್, ಸೋಮವಾರ

ಹೀಗೆ ದಿನವೊಂದನ್ನು ನೀರಿಗೆ ಹಾಕಿದ್ದು ನನ್ನ ಆಯುಷ್ಯದಲ್ಲಿಲ್ಲ. ಎಲ್ಲ ಬರೆದಿಡುತ್ತೇನೆ.

ಮುಂಜಾನೆ ಮೊದಲ ಬಸ್ಸು. ಅಂಗಡಿಗೆ ಬೀಗ. ಗೌಸ್‌ಸಾಬ್ ನೋಡಿ, “ಮುನೀಮಗ ವರ್ಗಾ ಆತೇನು ಆದೆಪ್ಪಣ್ಣ?” ಎಂದ. ಬಸ್ಸು ಹತ್ತಿದೆವು. ಕಂಡಕ್ಟರ್ ಬುಟ್ಟಿಯ ಮೇಲೆ ಬಗ್ಗಿದ.

“ಏನೈತಜ್ಜ ಇದರಾಗ?”

“ಗೋಸುಂಬಿ.”

ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ. “ಕಚ್ಚತೈತೇನು?”

“ಟಿಕೀಟು ಜಾಸ್ತಿ ಹರದ್ರ ಕಚ್ಚತೈತಿ,” ಎಂದೆ. ಆದರೂ ಲಗೇಜೆಂದು ಇಪ್ಪತ್ತು ಪೈಸೆ ಹರಿದ. ಕೋಳಿಗೆ ಇಪ್ಪತ್ತು, ಇದಕ್ಕೂ ಇಪ್ಪತ್ತು! ಕೋಳಿಯ ತೂಕವೆಷ್ಟು, ಇದರ ತೂಕವೆಷ್ಟು ಎಂದು ಕೇಳುತ್ತಲೇ ಇದ್ದೆ, ಮಸ್ಕಿ ಬಂತು.

ಮಸ್ಕಿಯಲ್ಲಿ ಡಾಕ್ಟರು ಇಲ್ಲ. ಹುಣಸೆಮರದ ಕೆಳಗೆ ಎತ್ತು ಕಟ್ಟುತ್ತಿದ್ದವನು ಹೇಳಿದ: “ಈಗಿನ್ನ ಲಿಂಗಸುಗೂರಿಗೆ ಹೋದ್ರಲ್ರೀ. ಸಂಜಿತನ ಅಲ್ಲೇ ಇರ್ತಾರ.”

ನನಗೆ ತಲೆ ಕೆಟ್ಟಿತು. ಬಸ್‌ಸ್ಟ್ಯಾಂಡಿನಲ್ಲಿ, ಹತ್ತು ಜನರೆದುರು, ಅಪ್ಪನಿಗೆ ಅನ್ನಬಾರದ್ದೆಲ್ಲ ಅಂದೆ. “ಆತಿಲ್ಲೋ? ನಡಿ ಹಿಂದಕ್ಕ! ಮನಿಗೆ ಹೋಗಿ ಬರೆ ಹಾಕು! ಹೆತ್ತ ಮಗನ ಹೊಟ್ಟಿ ಮ್ಯಾಲ ಎಳಿಯೋವಾಗ ಕೈ ನಡುಗಲಿಲ್ಲ, ಇದಕ್ಯಾಕ ನಡುಗತೈತಿ?”

ಅಪ್ಪ ಅಲ್ಲಿದ್ದ ಕಲ್ಲಿನ ಮೇಲೆ ಕುಳಿತ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ.

“ಅವತ್ತೂ ಇಲ್ಲಿಂದನ ಹಿಂದಕ್ಕ ಹೊಳ್ಳಿದ್ದೆ,” ಎಂದ.

“ಯಾವತ್ತು?”

“ನಿನ್ನ ಹೆಗಲ ಮ್ಯಾಲ ಹೊತ್ಕೊಂಡು ಸಾಲಗುಂದದಿಂದ ಇಲ್ಲಿತನ ನಡದು ಬಂದೆ. ಇಲ್ಲಿ ಒಬ್ಬ ಡಾಕ್ಟರ್ ಬರ್ತಾನಂದಿದ್ರು. ಬಂದು ನೋಡಿದ್ರ, ಲಿಂಗಸುಗೂರಿಗೆ ಹೋಗ್ಯಾನಂದ್ರು. ಬಸ್ಸು ಗಿಸ್ಸು ಎಲ್ಲಿ ಆವಾಗ. ನೀ ಕಣ್ಣು ತೇಲಿಸಿದ್ದಿ. ಮುಂದ ನಡದ್ರ ದಾರ್ಯಾಗ ಹೋಗ್ತಿ ಅನ್ನಸ್ತು. ಹೋಗೋದಾದ್ರ ಮನ್ಯಾಗ, ಅವ್ವನ ಮುಂದ ಹೋಗ್ಲಿ ಅಂತ ಹೊಳ್ಳಿದೆ. ಮನಿಗೆ ಬಂದು ಕುಡಗೋಲು ಕಾಸಿದೆ. ಮತ್ತೇನು ಇತ್ತು ನನ್ನ ಹಂತ್ಯಾಕ?”

ಅಪ್ಪ ಬುಟ್ಟಿಯ ಮುಚ್ಚಳ ಸರಿಮಾಡಿದ.

“ಬರೆಯಿಂದ ಉಳದ್ಯೋ, ಹಂಗ ಉಳದ್ಯೋ, ಇವತ್ತಿಗೂ ನನಗ ಗೊತ್ತಿಲ್ಲ. ಲಿಂಗಸುಗೂರಿಗೆ ಹೋಗಿದ್ರ ಬರೆ ಇಲ್ದ ಉಳೀತಿದ್ದ್ಯೇನೋ. ಕುಡಗೋಲು ಹಿಡದಾಗೆಲ್ಲ ಅದ ನೆನಪಾಗತೈತಿ. ಕುರಿಗೆ ಹಾಕೋವಾಗೂ ಆಗ್ತಿತ್ತು.”

ಮೂವತ್ತೆರಡು ವರ್ಷ ಒಂದು ಮಾತು ಹೇಳಲಿಲ್ಲ ಈ ಮನುಷ್ಯ! ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಸಿಟ್ಟಿನಲ್ಲೇ ಹೋಗಿ ಎರಡು ಕಪ್ಪು ಚಹಾ ತಂದೆ, ಮಿರ್ಚಿ ತಂದೆ. ಅಪ್ಪ ಎರಡು ಮಿರ್ಚಿ ತಿಂದ.

ಸಿಂಧನೂರಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು, ಸೀಟೂ ಇದ್ದವು. ಹತ್ತಿದ್ದು ಲಿಂಗಸುಗೂರಿನದು. ಎರಡು ಟಿಕೀಟು, ಒಂದು ಲಗೇಜು. ಇಷ್ಟು ದೂರ ಬಂದು ಹಿಂದಕ್ಕೆ ಹೋದರೆ ಕೊಟ್ಟ ದುಡ್ಡು ದಂಡ, ಅದಕ್ಕೆ.

ದನದ ದವಾಖಾನೆಯ ಬಾಗಿಲಲ್ಲಿ ಕಂಪೌಂಡರ್ ವಿರೂಪಾಕ್ಷಪ್ಪ ರಿಜಿಸ್ಟರು ಹಿಡಿದು ಕುಳಿತಿದ್ದ. ಬುಟ್ಟಿ ತೆಗೆದು ನೋಡಿ ಮುಚ್ಚಿದ.

“ಇದಕ್ಕ ಖಾನೆ ಇಲ್ರೀ. ಎತ್ತು, ಆಕಳು, ಎಮ್ಮಿ, ಕುರಿ, ಆಡು, ಕೋಳಿ. ಅಷ್ಟ.”

“ಕೋಳಿಗೆ ಕಾಲೆಷ್ಟು?”

“ಎರಡು.”

“ಇದಕ್ಕ?”

“ನಾಕು.”

“ಎರಡು ಕಾಲಿಂದು ಬರಕೊಂತೀರಿ, ನಾಕು ಕಾಲಿಂದು ಬಿಡ್ತೀರಿ! ಬಸ್ನ್ಯಾಗ ಕೋಳಿ ರೇಟು ಕೊಟ್ಟು ಬಂದೀವಿ. ಸರಕಾರದ ಬಸ್ಸು ಕೋಳಿ ಅಂದೈತಿ, ಸರಕಾರದ ದವಾಖಾನಿ ಅಲ್ಲಂತೈತಿ. ಯಾವ ಸರಕಾರ ಖರೆ?” ಟಿಕೀಟುಗಳನ್ನು ಮೇಜಿನ ಮೇಲೆ ಹರಡಿದೆ. ಹಿಂದೆ ಎಮ್ಮೆ ಹಿಡಿದು ನಿಂತವರೆಲ್ಲ ನಕ್ಕರು. ನಾನು ನಗಿಸಲು ಹೇಳಿರಲಿಲ್ಲ. “ನಮ್ಮಪ್ಪ ಇದನ್ನ ತೋರಿಸದ ಇಲ್ಲಿಂದ ಏಳಂಗಿಲ್ಲ. ನಾನೂ ಏಳಂಗಿಲ್ಲ.”

ಗದ್ದಲ ಕೇಳಿ ಡಾಕ್ಟರೇ ಹೊರಗೆ ಬಂದರು. ಕನ್ನಡಕದ ಎಳೆಯ ಮನುಷ್ಯ. ಮುನೀಮನನ್ನು ಅಂಗೈ ಮೇಲೆ ತೆಗೆದುಕೊಂಡು ತಿರುಗಿಸಿ ನೋಡಿದರು.

“ಎಲ್ಲಿ ಇಟ್ಟೀರಿ ಇದನ್ನ?”

“ಶಾಹಾಬಾದ್ ಕಲ್ಲಿನ ಮ್ಯಾಲ ಇಟ್ಟೀವ್ರಿ. ದಿನಾ ತೊಳದು ಒರಸ್ತೀವಿ, ಒಂದು ಹುಡಿ ಮಣ್ಣು ಸಿಗಂಗಿಲ್ಲ,” ಎಂದೆ, ಹೆಮ್ಮೆಯಿಂದಲೇ.

“ಅದ ಇದರ ಜಡ್ಡು.” ಅಪ್ಪನ ಕಡೆ ತಿರುಗಿದರು. “ಅಜ್ಜ, ನೀವು ಕುರಿಯವರಲ್ಲೇನು? ಕುರಿ ಹೊಟ್ಟಿ ಹ್ಯಾಂಗ ನೋಡ್ತೀರಿ, ಹಂಗ ಮುಟ್ಟಿ ನೋಡ್ರಿ.”

ಅಪ್ಪ ಹೆಬ್ಬೆರಳಿನಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ಸವರಿದ. ಒಮ್ಮೆ ನಿಂತ. ಮತ್ತೆ ಸವರಿದ. ಕಡಲೆಕಾಳು ತುಂಬಿದ ಚೀಲದಂತಿತ್ತು. ಆಮೇಲೆ ನಾನೂ ಮುಟ್ಟಿದೆ.

“ಗಬ್ಬ ಐತಲ್ಲೋ ಇದು! ಗಂಡಲ್ಲೋ ಆದೆಪ್ಪ, ಗಬ್ಬ ಐತಿ!”

“ತತ್ತಿ ಇಡಾಕ ಮಣ್ಣು ಹುಡುಕ್ಯಾಡಾಕತ್ತೈತಿ,” ಎಂದರು ಡಾಕ್ಟರು. “ಕಲ್ಲು ಗೀರಿ ಗೀರಿ ಸೋತೈತಿ. ಔಷಧ ಏನೂ ಬ್ಯಾಡ. ಹಸಿ ಮಣ್ಣು ಕೊಡ್ರಿ. ಇಟ್ಟ ತತ್ತಿ ಒಡದು ಮರಿ ಬರಾಕ ಬೇಸಿಗಿ ಕಳೀಬೇಕು. ಇನ್ನು ನಾಕು ದಿನ ತಡ ಆಗಿದ್ರ ಸಾಯ್ತಿತ್ತು. ಬರೆ ಗಿರೆ ಹಾಕಿಲ್ಲ, ಚಲೋ ಮಾಡೀರಿ.”

ಗೌಸ್‌ಸಾಬನ ತಪ್ಪು ಇದು. ಮುನೀಮ ಎಂದು ಹೆಸರಿಟ್ಟ. ಮೀಸೆ ಒಂದು ಬಿಟ್ಟು ಎಲ್ಲ ಗಂಡಸುತನ ನಾವೇ ಹಚ್ಚಿದೆವು. ಸಾವಿರ ಕುರಿಯ ಹೊಟ್ಟೆ ಮುಟ್ಟಿ ಈಯುವ ದಿನ ಹೇಳುತ್ತಿದ್ದ ಅಪ್ಪನೂ ಮುನೀಮನ ಹೊಟ್ಟೆ ಮುಟ್ಟಲಿಲ್ಲ.

ವಿರೂಪಾಕ್ಷಪ್ಪ ಕೊನೆಗೆ ಕೋಳಿಯ ಖಾನೆಯಲ್ಲೇ ಬರೆದುಕೊಂಡ. ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ಸಿಂಧನೂರಿನವರೆಗೂ ಭುಜ ಅಲ್ಲಾಡಿಸಲಿಲ್ಲ. ಜೋಮು ಹಿಡಿದಿದೆ, ಅಕ್ಷರ ಸೊಟ್ಟಗೆ ಬರುತ್ತಿವೆ.

೧೧ ಅಕ್ಟೋಬರ್, ಮಂಗಳವಾರ

ಅಪ್ಪ ಹೊಲದ ಬದುವಿಗೆ ಬಿಡೋಣ ಎಂದ. ಬದುವಿನಲ್ಲಿ ಕ್ಯಾಂಪಿನವರ ಟ್ರ್ಯಾಕ್ಟರು. ಮತ್ತೆಲ್ಲಿ? ಹಾರೆ ತಂದು ಅಂಗಳದ ಮೂಲೆಯ ಕಲ್ಲು ಎಬ್ಬಿಸಿದೆ. ನಡುವೆ ಒಡೆಯಿತು, ಎರಡೂವರೆ ರೂಪಾಯಿ. ಕೆಳಗಿನ ಎರೆಮಣ್ಣಿಗೆ ಕಾಲುವೆಯ ಮರಳು ಕಲಸಿ, ನೀರು ಚಿಮುಕಿಸಿದೆವು.

ಹೊನ್ನೂರಮ್ಮ ನಿಂತು ನೋಡಿದಳು. “ನಾ ಒಂದು ತುಳಸಿಗೆ ಜಾಗ ಕೇಳಿದಾಗ ಕಲ್ಲು ಎಬ್ಬಸಾಕ ಬರಂಗಿಲ್ಲ ಅಂದಿದ್ರಿ.”

ಮಣ್ಣಿಗೆ ಇನ್ನೊಂದು ಚೊಂಬು ನೀರು ಚಿಮುಕಿಸಿದೆ.

೧೩ ಅಕ್ಟೋಬರ್

ಇಟ್ಟಿತು. ಮುಂಜಾನೆಯಿಂದ ಮಧ್ಯಾಹ್ನದವರೆಗೆ. ಆಮೇಲೆ ಹಿಂಗಾಲಿನಿಂದ ಮಣ್ಣು ಮುಚ್ಚಿ, ಗಟ್ಟಿ ಮಾಡಿತು; ಗೌಂಡಿ ಕೂಡ ಅಷ್ಟು ನಿಗಾ ಮಾಡುವುದಿಲ್ಲ. ಅಂಗಡಿಗೆ ತಡವಾಗಿ ಹೋದೆ.

೬ ನವೆಂಬರ್, ಭಾನುವಾರ

ಮೊದಲ ಪುಟದಲ್ಲಿ ಹೋದದ್ದನ್ನು ಬರೆದೆ. ಬಂದದ್ದನ್ನೂ ಬರೆಯಬೇಕಲ್ಲ.

ಬಸ್ಸಿನವರಿಗೆ: ಏಳು ರೂಪಾಯಿ ಇಪ್ಪತ್ತು ಪೈಸೆ.

ಗೌಸ್‌ಸಾಬನಿಗೆ: ಹೇಳಲು ಒಂದು ಕಥೆ. ಕಥೆ ಕೇಳುತ್ತ ಜನ ಎರಡು ಚಹಾ ಕುಡಿಯುತ್ತಾರೆ. ನನಗೆ ಅದರಲ್ಲಿ ಪಾಲಿಲ್ಲ.

ವಿರೂಪಾಕ್ಷಪ್ಪನ ರಿಜಿಸ್ಟರಿಗೆ: ನಾಲ್ಕು ಕಾಲಿನ ಒಂದು ಕೋಳಿ.

ಮುನೀಮಳಿಗೆ: ಹಸಿರು ಮತ್ತೆ ಬಂತು. ಹದಿನೈದು ದಿನ ತಿಂದು ಮೈ ಹಿಡಿದು, ಒಂದು ಮುಂಜಾನೆ ಗೋಡೆಯ ಆಚೆಯ ಬೇವಿನಮರ ಹತ್ತಿ ಹೋದಳು. ಹಿಂದೆ ನೋಡಲಿಲ್ಲ. ಅವಳ ಕಣ್ಣಿಗೆ ನೋಡಲು ತಿರುಗಬೇಕೆಂದೇನೂ ಇಲ್ಲ, ನೋಡಿರಲೂಬಹುದು.

ತತ್ತಿ ಎಷ್ಟು: ಲೆಕ್ಕ ಸಿಕ್ಕಿಲ್ಲ. ತೆಗೆದು ಎಣಿಸಲು ಅಪ್ಪ ಬಿಡುವುದಿಲ್ಲ. ಈ ಪುಸ್ತಕದಲ್ಲಿ ಖಾಲಿ ಉಳಿದ ಒಂದೇ ಅಂಕಿ ಇದು.

ಹೊನ್ನೂರಮ್ಮನಿಗೆ: ಇನ್ನೊಂದು ಮೂಲೆಯ ಕಲ್ಲು ನಿನ್ನೆ ಎಬ್ಬಿಸಿದೆ. ತುಳಸಿ.

ಅಪ್ಪನಿಗೆ: ದಿನಾ ಮೂರು ರೊಟ್ಟಿ. ಕೋಲು ಹಿಡಿದು ಮೂಲೆಯ ಮಣ್ಣಿನ ಪಕ್ಕ ಕುಳಿತು ಕೋಳಿ ಓಡಿಸುತ್ತಾನೆ. ನೀರು ನೋಡಲು ಹೋಗುವುದನ್ನು ಬಿಟ್ಟಿದ್ದಾನೆ.

ನನಗೆ: ನಿನ್ನೆ ಬಾವಿಯ ಹತ್ತಿರ ಅಂಗಿ ತೆಗೆದು ಸ್ನಾನ ಮಾಡಿದೆ, ಸೆಕೆ ಬಹಳವಿತ್ತು. ಒಡೆದ ಕಲ್ಲಿನ ಜಾಗಕ್ಕೆ ಹೊಸದು ಹಾಕಲು ಗೌಂಡಿ ಇವತ್ತು ಬಂದಿದ್ದ. ಬೇಸಿಗೆ ಕಳೆಯಲಿ ಎಂದು ಕಳಿಸಿದೆ.